ವಿದೇಶ ಒಡಂಬಡಿಕೆಗಳ ಅಧಿಕಾರ ಯಾರದು?

1786ರಲ್ಲಿ ಮರಾಠರ ಹಾಗೂ ಹೈದರಾಬಾದಿನ ನಿಜಾಮನ ಸೇನೆಗಳು ಕೂಡಿ ಬಾದಾಮಿಯ ಕೋಟೆಯನ್ನು ಮುತ್ತಿ, ಟೀಪೂ ಸುಲ್ತಾನನ ಕಾವಲು ಪಡೆಯಿಂದ ಅದನ್ನು ಕಿತ್ತುಕೊಂಡವು. ಮರುವರ್ಷ ಗಜೇಂದ್ರಗಡದಲ್ಲಿ ಸಂಧಿ ಏರ್ಪಟ್ಟು ಬಾದಾಮಿ, ನರಗುಂದ, ಕಿತ್ತೂರುಗಳು ಮರಾಠರಿಗೆ ಸಂದವು. ಸಂಧಿಯ ಕಾಗದದ ಮೇಲೆ ಮುದ್ರೆ ಬಿದ್ದೊಡನೆ ಊರು, ಊರಿನ ಕಂದಾಯ, ಊರಿನ ಜನ ಎಲ್ಲವೂ ಕೈ ಬದಲಾಯಿಸಿದವು. ಬೆಟ್ಟದ ಬುಡದಲ್ಲಿ ಬಾಳುತ್ತಿದ್ದ ಒಕ್ಕಲಿಗನನ್ನಾಗಲಿ ನೇಕಾರನನ್ನಾಗಲಿ ಯಾರೂ ಕೇಳಲಿಲ್ಲ. ಕೇಳಬೇಕೆಂಬ ಕಲ್ಪನೆಯೇ ಅಂದು ಇರಲಿಲ್ಲ. ಯುದ್ಧ ಹೂಡುವ ಅಧಿಕಾರ ಯಾರದೋ ಸಂಧಿ ಮಾಡುವ ಅಧಿಕಾರವೂ ಅವರದೇ, ಸಂಧಿಯನ್ನು ಕಾನೂನಾಗಿ ನಡೆಸುವ ಅಧಿಕಾರವೂ ಅವರದೇ ಆಗಿತ್ತು.

1818ರಲ್ಲಿ ಪೇಶ್ವೆಯ ಪ್ರಭುತ್ವ ಅಳಿದ ಬಳಿಕ ಈ ಪ್ರಾಂತ ಆಂಗ್ಲರ ಪಾಲಾಯಿತು. ಬಾಗಲಕೋಟೆ, ಬಾದಾಮಿ, ಹುನಗುಂದಗಳು ಮುಂಬಯಿ ಇಲಾಖೆಗೆ ಸೇರಿದವು. ಪಕ್ಕದ ಮುಧೋಳ, ಜಮಖಂಡಿಗಳು ಸಂಸ್ಥಾನಗಳಾಗಿ ಉಳಿದುಕೊಂಡರೂ ಅವುಗಳ ಅರಸರಿಗೆ ಹೊರಗಿನ ಯಾವ ಪ್ರಭುತ್ವದೊಡನೆಯೂ ಸ್ವತಂತ್ರವಾಗಿ ಒಪ್ಪಂದ ಮಾಡಿಕೊಳ್ಳುವ ಹಕ್ಕು ಉಳಿಯಲಿಲ್ಲ. 1947ರಲ್ಲಿ ದೇಶೀಯ ಸಂಸ್ಥಾನಿಕರು ಸಹಿ ಮಾಡಿದ ಸೇರ್ಪಡೆಯ ಪತ್ರಗಳಲ್ಲಿ ರಕ್ಷಣೆ, ಸಂಪರ್ಕ ಇವುಗಳೊಡನೆ ವಿದೇಶ ವ್ಯವಹಾರವೂ ಭಾರತ ಸರಕಾರಕ್ಕೆ ಒಪ್ಪಿತವಾಯಿತು. 1948ರಲ್ಲಿ ಮುಧೋಳ, ಜಮಖಂಡಿಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಹೀಗೆ, ಹಿಂದೆ ಹಲವು ಗದ್ದುಗೆಗಳಲ್ಲಿ ಹಂಚಿಹೋಗಿದ್ದ ಸಂಧಿ ವಿಗ್ರಹದ ಅಧಿಕಾರ ದಿಲ್ಲಿಯೊಂದರಲ್ಲೇ ಬಂದು ನಿಂತಿತು.

ಆದರೆ ದಿಲ್ಲಿಯಲ್ಲಿ ನಿಂತಿತೆಂದರೆ ದಿಲ್ಲಿಯಲ್ಲಿ ಯಾರ ಕೈಯಲ್ಲಿ? ಪ್ರಧಾನಮಂತ್ರಿಯ ಕೈಯಲ್ಲೇ, ಸಂಸತ್ತಿನ ಕೈಯಲ್ಲೇ? ರಾಜ್ಯಗಳಿಗೆ ಅದರಲ್ಲಿ ಪಾಲುಂಟೇ? ಗಜೇಂದ್ರಗಡದಲ್ಲಿ ಆದಂತೆ ಒಂದು ಸಹಿಯಿಂದ ಬಾದಾಮಿಯನ್ನು ಪರರಿಗೆ ಒಪ್ಪಿಸಲು ಇಂದು ಸಾಧ್ಯವೇ? ಸಂವಿಧಾನವನ್ನು ಓದುವ ವಿದ್ಯಾರ್ಥಿಗಳು ಮೂಲಭೂತ ಹಕ್ಕುಗಳ ಭಾಗವನ್ನು ಬಾಯಿಪಾಠ ಮಾಡುವುದುಂಟು. ಈ ಪ್ರಶ್ನೆಗಳ ಕಡೆಗೆ ಹೊರಳುವುದು ಅಪರೂಪ.

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಎಂಬ ಮೂರು ಪಟ್ಟಿಗಳಿವೆ. ಕೇಂದ್ರ ಪಟ್ಟಿಯ 10ನೆಯ ನಮೂದು ವಿದೇಶ ವ್ಯವಹಾರವನ್ನೂ, 13ನೆಯದು ಅಂತಾರಾಷ್ಟ್ರೀಯ ಸಮ್ಮೇಳನಗಳಲ್ಲಿ ಭಾಗವಹಿಸುವುದನ್ನೂ, 14ನೆಯದು ಪರದೇಶಗಳೊಡನೆ ಒಡಂಬಡಿಕೆ ಮಾಡಿಕೊಳ್ಳುವುದನ್ನೂ ಅವುಗಳನ್ನು ಕಾರ್ಯಗತಗೊಳಿಸುವುದನ್ನೂ ಒಕ್ಕೂಟಕ್ಕೆ ವಹಿಸುತ್ತವೆ. ಆದುದರಿಂದ ಈ ವಿಷಯದಲ್ಲಿ ಕಾನೂನು ಮಾಡುವ ಅಧಿಕಾರ ಸಂಸತ್ತಿನದು. 73ನೆಯ ಅನುಚ್ಛೇದದ ಮೇರೆಗೆ ಸಂಸತ್ತಿಗೆ ಯಾವ ವಿಷಯದಲ್ಲಿ ಶಾಸನಾಧಿಕಾರವಿದೆಯೋ ಆ ವಿಷಯಕ್ಕೆ ಕೇಂದ್ರದ ಕಾರ್ಯಾಂಗದ ಅಧಿಕಾರವೂ ವ್ಯಾಪಿಸುತ್ತದೆ. ಇಲ್ಲಿಯೇ ಸೂಕ್ಷ್ಮವಿರುವುದು. ಒಡಂಬಡಿಕೆಗಳನ್ನು ಹೇಗೆ ಮಾಡಿಕೊಳ್ಳಬೇಕು, ಸಂಸತ್ತಿನ ಮುಂದೆ ಯಾವಾಗ ಇಡಬೇಕು ಎಂದು ವಿಧಿಸುವ ಶಾಸನವೊಂದನ್ನು ಸಂಸತ್ತು ಇದುವರೆಗೆ ಮಾಡಿಲ್ಲ. ಮಾಡದಿರುವ ಕಾರಣ ಅಧಿಕಾರವೆಲ್ಲ ಕಾರ್ಯಾಂಗದಲ್ಲಿ, ಅಂದರೆ ಮಂತ್ರಿಮಂಡಲದಲ್ಲಿ ನೆಲೆಸಿದೆ. ಮಾತುಕತೆ ನಡೆಸುವುದು, ಸಹಿ ಹಾಕುವುದು, ರಾಷ್ಟ್ರಪತಿಯ ಹೆಸರಿನಲ್ಲಿ ದೃಢೀಕರಿಸುವುದು ಇಷ್ಟೂ ಸಂಸತ್ತಿನ ಪೂರ್ವಾನುಮತಿಯಿಲ್ಲದೆ ನಡೆಯಬಲ್ಲವು. ಅಮೆರಿಕದಲ್ಲಿ ಹೀಗಿಲ್ಲ, ಅಲ್ಲಿನ ಸಂವಿಧಾನದ ಪ್ರಕಾರ ಅಧ್ಯಕ್ಷನು ಮಾಡುವ ಒಡಂಬಡಿಕೆಗೆ ಸೆನೆಟ್ ಸಭೆಯಲ್ಲಿ ಹಾಜರಿದ್ದವರ ಪೈಕಿ ಮೂರರಲ್ಲಿ ಎರಡು ಪಾಲು ಸದಸ್ಯರ ಸಮ್ಮತಿ ಬೇಕು.

ಹಾಗಾದರೆ ಮಂತ್ರಿಮಂಡಲದ ಸಹಿಗೆ ಎಲ್ಲೆಯೇ ಇಲ್ಲವೇ? ಇದೆ. ಮೊದಲ ಎಲ್ಲೆ ನೆಲದ್ದು. ಬಂಗಾಳದ ಜಲಪಾಯಿಗುರಿ ಜಿಲ್ಲೆಯ ಬೇರುಬಾರಿ ಎಂಬ ಪ್ರದೇಶದ ಅರ್ಧ ಭಾಗವನ್ನು ಪಾಕಿಸ್ತಾನಕ್ಕೆ ಕೊಡಲು 1958ರ ಸೆಪ್ಟೆಂಬರಿನಲ್ಲಿ ಪ್ರಧಾನಿ ನೆಹರೂ ಅವರೂ ಪಾಕಿಸ್ತಾನದ ಪ್ರಧಾನಿ ಫಿರೋಜ್ ಖಾನ್ ನೂನ್ ಅವರೂ ಒಪ್ಪಿಕೊಂಡರು. ಆಕ್ಷೇಪಗಳು ಎದ್ದಾಗ ರಾಷ್ಟ್ರಪತಿಗಳು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯ ಕೇಳಿದರು. 1960ರ ಮಾರ್ಚಿನಲ್ಲಿ ನ್ಯಾಯಾಲಯ ಕೊಟ್ಟ ಉತ್ತರ ಸ್ಪಷ್ಟವಾಗಿತ್ತು: ಭಾರತದ ಭೂಭಾಗವನ್ನು ಪರದೇಶಕ್ಕೆ ಬಿಟ್ಟುಕೊಡಲು ಕಾರ್ಯಾಂಗದ ಸಹಿ ಸಾಲದು, ಮೂರನೆಯ ಅನುಚ್ಛೇದದ ಕೆಳಗೆ ಮಾಡುವ ಸಾಮಾನ್ಯ ಶಾಸನವೂ ಸಾಲದು, 368ನೆಯ ಅನುಚ್ಛೇದದಂತೆ ಸಂವಿಧಾನವನ್ನೇ ತಿದ್ದಬೇಕು. ಅದರಂತೆ 1960ರಲ್ಲಿ ಒಂಬತ್ತನೆಯ ತಿದ್ದುಪಡಿ ಬಂದಿತು.

ಮೂರನೆಯ ಅನುಚ್ಛೇದವೆಂದರೆ ಏನೆಂಬುದು ಈ ಭಾಗದ ಹಿರಿಯರಿಗೆ ಅನುಭವದಿಂದಲೇ ಗೊತ್ತಿರತಕ್ಕ ಸಂಗತಿ. 1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆ, ಅದರೊಡನೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳು ಮುಂಬಯಿ ರಾಜ್ಯವನ್ನು ಬಿಟ್ಟು ವಿಶಾಲ ಮೈಸೂರನ್ನು ಸೇರಿದ್ದು ಅದೇ ಅಧಿಕಾರದಿಂದ. ಭಾರತದೊಳಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಊರನ್ನು ವರ್ಗಾಯಿಸಲು ಸಂಸತ್ತಿನ ಸಾಮಾನ್ಯ ಬಹುಮತದ ಕಾನೂನು ಸಾಕು. ಅದೇ ಊರನ್ನು ಭಾರತದ ಹೊರಗೆ ದಾಟಿಸಬೇಕಾದರೆ ಸಂವಿಧಾನದ ಬಾಗಿಲನ್ನೇ ತೆರೆಯಬೇಕು. ಬಾದಾಮಿಯ ಬಗೆಗಿನ ಪ್ರಶ್ನೆಗೆ ಇದೇ ಉತ್ತರ.

ಬೇರುಬಾರಿಯ ಕಥೆ ಅಲ್ಲಿಗೇ ಮುಗಿಯಲಿಲ್ಲವೆಂಬುದು ಕುತೂಹಲಕರ. ತಿದ್ದುಪಡಿಯಾದರೂ ಹಸ್ತಾಂತರ ನಡೆಯಲಿಲ್ಲ. 1974ರಲ್ಲಿ ಬಾಂಗ್ಲಾದೇಶದೊಡನೆ ಆದ ಒಪ್ಪಂದದಲ್ಲಿ ಆ ನೆಲ ಭಾರತದಲ್ಲೇ ಉಳಿಯುವುದೆಂದಾಯಿತು. ಆ ಒಪ್ಪಂದದ ಮಿಕ್ಕ ಭಾಗ ಕೈಗೂಡಲು 2015ರ ನೂರನೆಯ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಬಾಂಗ್ಲಾದೇಶದ ನಡುವೆ ದ್ವೀಪಗಳಂತೆ ಸಿಕ್ಕಿಕೊಂಡಿದ್ದ ಭಾರತದ 111 ಹಳ್ಳಿತುಂಡುಗಳೂ, ಭಾರತದ ನಡುವೆ ಸಿಕ್ಕಿಕೊಂಡಿದ್ದ ಅವರ 51 ತುಂಡುಗಳೂ ಆ ವರ್ಷದ ಜುಲೈ 31ರ ಮಧ್ಯರಾತ್ರಿ ಅದಲುಬದಲಾದವು.

ನೆಲದ ಎಲ್ಲೆಗೊಂದು ಅಪವಾದವುಂಟು. ಕಚ್ಛದ ರಣದ ವಿವಾದದಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಲಿ 1968ರಲ್ಲಿ ವಿವಾದಿತ ಪ್ರದೇಶದ ಸುಮಾರು ಹತ್ತನೆಯ ಒಂದು ಪಾಲು ಪಾಕಿಸ್ತಾನದ್ದೆಂದು ತೀರ್ಪಿತ್ತಾಗ, ಇದಕ್ಕೂ ತಿದ್ದುಪಡಿ ಬೇಕೆಂದು ಕೆಲವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1969ರ ಮಗನಭಾಯಿ ಪಟೇಲ್ ಮೊಕದ್ದಮೆಯಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಭಾರತದ್ದೆಂದು ಖಚಿತವಾಗಿದ್ದ ನೆಲವನ್ನು ಕೊಡುವುದು ಬೇರೆ, ಗಡಿ ಎಲ್ಲಿದೆಯೆಂಬುದೇ ಅನಿಶ್ಚಿತವಾಗಿದ್ದಾಗ ಅದನ್ನು ಗುರುತಿಸಿಕೊಳ್ಳುವುದು ಬೇರೆ. ಎರಡನೆಯದು ಕಾರ್ಯಾಂಗದಿಂದಲೇ ಆಗಬಹುದು ಎಂಬುದು ಅದರ ನಿರ್ಣಯ. ತರ್ಕ ಸರಿಯಾದುದೇ. ಆದರೆ ಯಾವುದು ಕೊಡುಗೆ, ಯಾವುದು ಗುರುತು ಎಂದು ಮೊದಲು ಹೆಸರಿಡುವವರು ಸಹಿ ಹಾಕುವವರೇ ಆಗಿರುವುದರಿಂದ ತರ್ಕದ ಸಂದಿನಲ್ಲಿ ಬಹಳಷ್ಟು ನುಸುಳಬಹುದು. 1974ರಲ್ಲಿ ಕಚ್ಚತೀವು ದ್ವೀಪ ಶ್ರೀಲಂಕೆಯ ಪಾಲಾದಾಗ ಸಂವಿಧಾನದ ತಿದ್ದುಪಡಿ ಆಗಲಿಲ್ಲ. ಅದು ಗಡಿ ಗುರುತಿಸಿದ್ದಷ್ಟೇ ಎಂಬುದು ಕೇಂದ್ರದ ವಾದ. ತಮಿಳುನಾಡಿನಲ್ಲಿ ಆ ವಾದ ಅಂದಿನಿಂದಲೂ ಒಪ್ಪಿಗೆಯಾಗಿಲ್ಲ.

ಎರಡನೆಯ ಎಲ್ಲೆ ಪ್ರಜೆಯ ಹಕ್ಕಿನದು. ಮೇಲಣ ಮೊಕದ್ದಮೆಯಲ್ಲೇ ಇದೂ ನಿಚ್ಚಳವಾಯಿತು. ಒಡಂಬಡಿಕೆ ಪ್ರಜೆಗಳ ಹಕ್ಕನ್ನು ಮೊಟಕುಗೊಳಿಸದಿದ್ದರೆ, ಜಾರಿಯಲ್ಲಿರುವ ಕಾನೂನನ್ನು ಬದಲಿಸದಿದ್ದರೆ, ಸರಕಾರ ಅದನ್ನು ತಾನೇ ನಡೆಸಿಕೊಂಡು ಹೋಗಬಹುದು. ಹಾಗಲ್ಲದಿದ್ದರೆ ಸಂಸತ್ತಿನ ಶಾಸನ ಬೇಕೇ ಬೇಕು. ಪರದೇಶದೊಡನೆ ಮಾಡಿಕೊಂಡ ಕರಾರು ತಾನಾಗಿಯೇ ಊರಿನ ನ್ಯಾಯಾಲಯದಲ್ಲಿ ಕಾನೂನಾಗಿ ನಡೆಯದು. ಸಾಲ ತೀರಿಸಲಾಗದವನನ್ನು ಸೆರೆಗೆ ಹಾಕುವ ಪ್ರಶ್ನೆ ಎದ್ದ 1980ರ ಮೊಕದ್ದಮೆಯೊಂದರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇದನ್ನೇ ಎತ್ತಿ ಹೇಳಿ, ಒಡಂಬಡಿಕೆಯ ಆಶಯದ ಬೆಳಕಿನಲ್ಲಿ ದೇಶದ ಕಾನೂನನ್ನು ಅರ್ಥೈಸಲು ಮಾತ್ರ ಅಡ್ಡಿಯಿಲ್ಲವೆಂದರು.

ಈ ಭೇದ ಪಟ್ಟದಕಲ್ಲಿನಲ್ಲಿ ಕಣ್ಣಿಗೆ ಕಾಣುತ್ತದೆ. ವಿಶ್ವ ಪರಂಪರೆಯ ಸ್ಥಳಗಳನ್ನು ಕುರಿತ 1972ರ ಒಡಂಬಡಿಕೆಯನ್ನು ಭಾರತ 1977ರಲ್ಲಿ ದೃಢೀಕರಿಸಿತು. ಅದರ ಅನ್ವಯ ಮಲಪ್ರಭೆಯ ದಂಡೆಯ ಪಟ್ಟದಕಲ್ಲಿನ ದೇವಾಲಯ ಸಮೂಹ 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇದಕ್ಕೆಂದೇ ಸಂಸತ್ತು ಹೊಸ ಕಾನೂನು ಮಾಡಲಿಲ್ಲ; ಮಂತ್ರಿಮಂಡಲದ ಅಧಿಕಾರವೇ ಸಾಕಾಯಿತು. ಅಲ್ಲಿನ ನಿವಾಸಿಗಳಿಗೆ ಮನೆ ಕಟ್ಟಲು, ಇದ್ದ ಮನೆಗೆ ಮೇಲಂತಸ್ತು ಏರಿಸಲು ಅಡ್ಡಿಯಾದಾಗ ಅದು ವಿಶ್ವ ಪಟ್ಟಿಯ ನಿಷೇಧವೆಂದು ಭಾವಿಸುವುದು ಸಹಜ. ಆದರೆ ಪ್ರಾಚೀನ ಸ್ಮಾರಕಗಳನ್ನು ಕುರಿತ 1958ರ ಅಧಿನಿಯಮ ಮತ್ತು ಅದರ 2010ರ ತಿದ್ದುಪಡಿ ಆ ನಿಷೇಧದ ನಿಜವಾದ ಮೂಲ. ಸಂರಕ್ಷಿತ ಪ್ರದೇಶದ ಅಂಚಿನಿಂದ 100 ಮೀಟರ್ ನಿಷೇಧಿತ, ಅದರಾಚೆಗೆ 200 ಮೀಟರ್ ನಿಯಂತ್ರಿತ ಎಂಬ ನಿಯಮ ವಿಶ್ವ ಪಟ್ಟಿಯಲ್ಲಿಲ್ಲದ ಬಾದಾಮಿಯ ಗುಹಾಲಯಗಳ ಸುತ್ತಲೂ ಅಷ್ಟೇ ಬಿಗಿಯಾಗಿ ಅನ್ವಯಿಸುತ್ತದೆ. ಪ್ರಜೆಯನ್ನು ಕಟ್ಟುವುದು ಸಂಸತ್ತಿನ ಕಾನೂನು, ಪರದೇಶದ ಕಾಗದವಲ್ಲ. ಆಕ್ಷೇಪಣೆಯನ್ನು ಎಲ್ಲಿಗೆ ಒಯ್ಯಬೇಕೆಂದು ತಿಳಿಯಬೇಕಾದರೆ ಈ ಭೇದ ತಿಳಿದಿರಬೇಕು.

ಮೂರನೆಯ ಎಲ್ಲೆ ಇರಬೇಕಾದ ಕಡೆ ಸಂವಿಧಾನ ಬಾಗಿಲನ್ನು ಅಗಲವಾಗಿ ತೆರೆದಿಟ್ಟಿದೆ. ಅದೇ 253ನೆಯ ಅನುಚ್ಛೇದ. ಸಾಮಾನ್ಯವಾಗಿ ರಾಜ್ಯ ಪಟ್ಟಿಯ ವಿಷಯದಲ್ಲಿ ಸಂಸತ್ತು ಕೈ ಹಾಕಬೇಕಾದರೆ ಯಾರದಾದರೂ ಒಪ್ಪಿಗೆ ಬೇಕು. ರಾಜ್ಯಸಭೆಯ ಮೂರರಲ್ಲಿ ಎರಡು ಪಾಲಿನ ನಿರ್ಣಯ ಒಂದು ದಾರಿ; ಎರಡು ಅಥವಾ ಹೆಚ್ಚು ರಾಜ್ಯಗಳ ವಿಧಾನಮಂಡಲಗಳು ತಾವಾಗಿ ಕೋರುವುದು ಇನ್ನೊಂದು. 1974ರ ಜಲಮಾಲಿನ್ಯ ನಿಯಂತ್ರಣ ಅಧಿನಿಯಮ ಈ ಎರಡನೆಯ ದಾರಿಯಲ್ಲಿ ಬಂದುದು. ಆದರೆ ಪರದೇಶದೊಡನೆ ಮಾಡಿದ ಒಡಂಬಡಿಕೆಯನ್ನು, ಇಲ್ಲವೆ ಅಂತಾರಾಷ್ಟ್ರೀಯ ಸಮ್ಮೇಳನವೊಂದರ ನಿರ್ಣಯವನ್ನು ಕಾರ್ಯಗತಗೊಳಿಸಲು ಸಂಸತ್ತು ಇಡೀ ಭಾರತಕ್ಕೆ ಯಾವ ಕಾನೂನನ್ನಾದರೂ ಮಾಡಬಹುದೆಂದು 253ನೆಯ ಅನುಚ್ಛೇದ ಹೇಳುತ್ತದೆ. ವಿಷಯ ರಾಜ್ಯ ಪಟ್ಟಿಯಲ್ಲಿದ್ದರೂ ಸರಿಯೇ, ಯಾವ ರಾಜ್ಯದ ಅನುಮತಿಯೂ ಬೇಡ. ಮೂಲಭೂತ ಹಕ್ಕುಗಳನ್ನು ಮಾತ್ರ ಇದು ದಾಟಲಾರದು. ದಾಟುವುದು ಅಧಿಕಾರ ವಿಭಜನೆಯ ಬೇಲಿಯನ್ನು.

ಗಮನಿಸಬೇಕಾದ ಸಂಗತಿಯೆಂದರೆ, ಆಂಗ್ಲರು ಮಾಡಿದ 1935ರ ಭಾರತ ಸರಕಾರದ ಅಧಿನಿಯಮದಲ್ಲಿ ಬೇಲಿ ಇತ್ತು. ಅದರ 106ನೆಯ ಪ್ರಕರಣದ ಪ್ರಕಾರ ಒಡಂಬಡಿಕೆಯ ನೆಪದಿಂದಲೇ ಒಕ್ಕೂಟದ ಶಾಸನಸಭೆ ಪ್ರಾಂತದ ವಿಷಯದಲ್ಲಿ ಕಾನೂನು ಮಾಡಬೇಕಾದರೆ ಆ ಪ್ರಾಂತದ ಗವರ್ನರನ ಪೂರ್ವ ಸಮ್ಮತಿ ಅಗತ್ಯವಾಗಿತ್ತು. ಸ್ವತಂತ್ರ ಭಾರತದ ಸಂವಿಧಾನದಲ್ಲಿ ಆ ಷರತ್ತು ಉಳಿಯಲಿಲ್ಲ. ದೇಶ ಒಡೆದು ರಕ್ತ ಹರಿದ ಕಾಲದಲ್ಲಿ ರೂಪುಗೊಂಡ ಸಂವಿಧಾನ ಕೇಂದ್ರವನ್ನು ಬಲಪಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕೆನಡಾ ದೇಶದಲ್ಲಿ ದಾರಿ ಬೇರೆಯಾಯಿತು: ಕಾರ್ಮಿಕರ ದುಡಿಮೆಯ ವೇಳೆ, ಕೂಲಿ ಮುಂತಾದವನ್ನು ಕುರಿತ ಅಂತಾರಾಷ್ಟ್ರೀಯ ಒಡಂಬಡಿಕೆಗಳಿಗೆ ಅಲ್ಲಿನ ಕೇಂದ್ರ ಸಹಿ ಹಾಕಬಹುದಾದರೂ, ಪ್ರಾಂತಗಳ ವ್ಯಾಪ್ತಿಯ ವಿಷಯದಲ್ಲಿ ಕಾನೂನನ್ನು ಪ್ರಾಂತಗಳೇ ಮಾಡಬೇಕೆಂದು 1937ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು.

ಅಗಲವಾಗಿ ತೆರೆದ ಈ ಬಾಗಿಲಿನಿಂದ ಬಂದ ಕಾನೂನು ಇಳಕಲ್ಲಿನ ಕಲ್ಲುಗಣಿಗಳವರೆಗೂ ತಲುಪಿದೆ. ಆ ಊರಿನ ಸುತ್ತಲಿನ ಕೆಂಪು ಗ್ರಾನೈಟ್ ದೇಶಾಂತರಗಳಿಗೆ ಹೋಗುತ್ತದೆ. ಗ್ರಾನೈಟ್ ಸಣ್ಣ ಖನಿಜಗಳ ವರ್ಗಕ್ಕೆ ಸೇರಿದುದರಿಂದ ಅದರ ಗುತ್ತಿಗೆಯ ನಿಯಮಗಳನ್ನು ಮಾಡುವುದು ರಾಜ್ಯ ಸರಕಾರ. ಆದರೂ ಗಣಿಯವನು ಪರಿಸರದ ಅನುಮತಿ ಪಡೆಯಬೇಕಾದುದು ಕೇಂದ್ರದ 1986ರ ಪರಿಸರ ಸಂರಕ್ಷಣಾ ಅಧಿನಿಯಮದ ಕೆಳಗೆ. ಆ ಅಧಿನಿಯಮ 1972ರ ಜೂನಿನಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ನೆರೆದ ಸಮ್ಮೇಳನದ ನಿರ್ಣಯಗಳನ್ನು ಕಾರ್ಯಗತಗೊಳಿಸುವುದಕ್ಕೆಂದು ತನ್ನ ಪೀಠಿಕೆಯಲ್ಲೇ ಹೇಳಿಕೊಳ್ಳುತ್ತದೆ. 253ನೆಯ ಅನುಚ್ಛೇದವೇ ಅದರ ಬುನಾದಿ. ಐದು ಹೆಕ್ಟೇರಿಗಿಂತ ಕಿರಿದಾದ ಸಣ್ಣ ಖನಿಜದ ಗುತ್ತಿಗೆಗಳಿಗೂ ಈ ಅನುಮತಿ ಬೇಕೆಂದು 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಿಸಿತು. ಗಣಿಯ ದೂಳು ಕುಡಿಯುವ ಕೂಲಿಕಾರನ ದೃಷ್ಟಿಯಿಂದ ನೋಡಿದರೆ ಇಂತಹ ಕಾನೂನು ಬಂದುದು ಒಳ್ಳೆಯದೇ. ಕೇಂದ್ರದ ಕೈ ಉದ್ದವಾದುದೆಲ್ಲ ಕೆಡುಕೆಂದು ತಿಳಿಯಬೇಕಾಗಿಲ್ಲ.

ಇಳಕಲ್ಲಿನ ಮಗ್ಗದ ಸಂಗತಿ ಇನ್ನೂ ಸೂಕ್ಷ್ಮವಾದುದು. ಒಡಲಿನ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಕೊಂಡಿ ಹಾಕಿ ಜೋಡಿಸುವ, ಸೆರಗಿನಲ್ಲಿ ತೋಪು ತೆನೆ ಬಿಡಿಸುವ ಇಲ್ಲಿನ ಸೀರೆಗೆ ಕಾನೂನಿನ ಕಾವಲು ದೊರೆತದ್ದು ಪರದೇಶದ ಒಡಂಬಡಿಕೆಯ ಮೂಲಕ. 1994ರ ಏಪ್ರಿಲಿನಲ್ಲಿ ಮೊರೊಕ್ಕೊ ದೇಶದ ಮರ್ರಾಕೇಶ್ ನಗರದಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯನ್ನು ಸ್ಥಾಪಿಸುವ ಒಪ್ಪಂದಕ್ಕೆ ಭಾರತ ಸಹಿ ಹಾಕಿತು. ಬೌದ್ಧಿಕ ಸ್ವತ್ತಿನ ಹಕ್ಕುಗಳ ಒಪ್ಪಂದವೂ ಅದರ ಅಂಗ. ಅದಕ್ಕನುಗುಣವಾಗಿ ಸಂಸತ್ತು 1999ರಲ್ಲಿ ಸರಕುಗಳ ಭೌಗೋಳಿಕ ಸೂಚಿಗಳ ಅಧಿನಿಯಮವನ್ನು ಮಾಡಿತು. 2003ರಲ್ಲಿ ಅದು ಜಾರಿಗೆ ಬಂದಿತು. ಇಳಕಲ್ ಸೀರೆ ಅದರಡಿ ನೋಂದಣಿಯಾಗಿದೆ. ಬೇರೆಡೆ ನೇಯ್ದುದನ್ನು ಇಳಕಲ್ಲಿನದೆಂದು ಮಾರುವವನ ಮೇಲೆ ದಾವೆ ಹೂಡಲು ನೋಂದಾಯಿತ ನೇಕಾರನಿಗೆ ಇಂದು ಆಧಾರವಿದೆ.

ಆದರೆ ಆ ಒಪ್ಪಂದದ ಒಳಗನ್ನು ತೆರೆದು ನೋಡಿದರೆ ಎರಡು ಪಂಕ್ತಿಗಳು ಕಾಣುತ್ತವೆ. ಅದರ 22ನೆಯ ಅನುಚ್ಛೇದ ಎಲ್ಲ ಸರಕುಗಳಿಗೂ ಸಾಧಾರಣ ರಕ್ಷಣೆ ನೀಡುತ್ತದೆ: ಕೊಳ್ಳುವವರಿಗೆ ಮೋಸವಾಗುವಂತಿದ್ದರೆ ಮಾತ್ರ ಆ ಹೆಸರಿನ ಬಳಕೆ ತಪ್ಪು. 23ನೆಯ ಅನುಚ್ಛೇದ ದ್ರಾಕ್ಷಾರಸಕ್ಕೂ ಮದ್ಯಕ್ಕೂ ವಿಶೇಷ ರಕ್ಷಣೆ ಕೊಡುತ್ತದೆ: ಅಂಥ ಮಾದರಿಯದು, ಅಂಥ ಶೈಲಿಯದು ಎಂದು ನಿಜ ಹೇಳಿ ಮಾರಿದರೂ ತಪ್ಪೇ. ಅಂದರೆ ಫ್ರಾನ್ಸಿನ ಶಾಂಪೇನಿಗೆ ಇರುವ ಕಾವಲು ಇಳಕಲ್ಲಿನ ಸೆರಗಿಗೆ ಆ ಒಪ್ಪಂದದಲ್ಲಿಲ್ಲ. ಈ ರಕ್ಷಣೆಯನ್ನು ಇತರ ಸರಕುಗಳಿಗೂ ವಿಸ್ತರಿಸಬೇಕೆಂದು ಭಾರತ ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ವಾದಿಸುತ್ತ ಬಂದಿದೆ. ದೇಶದೊಳಗಿನ ಮಟ್ಟಿಗೆ, ಆರಿಸಿದ ಸರಕುಗಳಿಗೆ ಹೆಚ್ಚಿನ ರಕ್ಷಣೆಯನ್ನು ಅಧಿಸೂಚನೆಯ ಮೂಲಕ ಕೊಡುವ ಅಧಿಕಾರವನ್ನು 1999ರ ಅಧಿನಿಯಮ ಕೇಂದ್ರ ಸರಕಾರಕ್ಕೆ ಇತ್ತಿದೆ.

ಸಹಿ ಒಬ್ಬರದು, ಶಾಸನ ಇನ್ನೊಬ್ಬರದು ಎಂಬ ಈ ಏರ್ಪಾಟಿನಲ್ಲಿ ಎರಡೂ ಹೊಂದದಿದ್ದರೆ ಏನಾಗುವುದೆಂಬುದಕ್ಕೆ ಅದೇ ಒಪ್ಪಂದ ನಿದರ್ಶನ ಒದಗಿಸಿತು. ಔಷಧಿ ಮತ್ತು ಕೃಷಿ ರಾಸಾಯನಿಕಗಳ ಪೇಟೆಂಟ್ ಅರ್ಜಿಗಳನ್ನು ಸ್ವೀಕರಿಸಿ ಇಟ್ಟುಕೊಳ್ಳುವ ವ್ಯವಸ್ಥೆಯನ್ನು ಭಾರತ ಒಪ್ಪಿಕೊಂಡಿತ್ತು. ಸರಕಾರ 1994ರ ಡಿಸೆಂಬರ್ 31ರಂದು ಸುಗ್ರೀವಾಜ್ಞೆ ಹೊರಡಿಸಿತು. 1995ರ ಮಾರ್ಚಿನಲ್ಲಿ ಅದು ಬಿದ್ದುಹೋಯಿತು. ಲೋಕಸಭೆ ಒಪ್ಪಿದ ಮಸೂದೆ ರಾಜ್ಯಸಭೆಯಲ್ಲಿ ಪ್ರವರ ಸಮಿತಿಯ ಮುಂದೆ ನಿಂತಿತು. 1996ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಅಳಿಯಿತು. ಅಮೆರಿಕ ದೂರಿತು; 1997ರಲ್ಲಿ ತೀರ್ಪು ಭಾರತದ ವಿರುದ್ಧ ಬಂದಿತು. 1999ರಲ್ಲಿ ಸಂಸತ್ತು ಕಾನೂನು ಮಾಡಬೇಕಾಯಿತು. ಸಂಸತ್ತು ಸಹಿಗೆ ಮೊದಲು ಚರ್ಚಿಸುವ ಅವಕಾಶ ಪಡೆಯದೆ, ಸಹಿಯಾದ ಮೇಲೆ ಒಲ್ಲೆನೆನ್ನುವ ಸ್ವಾತಂತ್ರ್ಯವನ್ನೂ ಕಾರ್ಯತಃ ಕಳೆದುಕೊಂಡಿತೆಂದರೆ ಅತಿಶಯೋಕ್ತಿಯಾಗದು.

ಬಾಗಲಕೋಟೆಯವರಿಗೆ ಒಪ್ಪಂದವೆಂದೊಡನೆ ನೆನಪಾಗುವುದು ಕೃಷ್ಣೆಯ ನೀರು. ಆದರೆ ರಾಜ್ಯ ರಾಜ್ಯಗಳ ನಡುವಿನ ನೀರಿನ ಒಪ್ಪಂದ ಇಲ್ಲಿ ಹೇಳಿದ ಅರ್ಥದ ಒಡಂಬಡಿಕೆಯಲ್ಲ. 1951ರಲ್ಲಿ ಕೃಷ್ಣಾ ಕೊಳ್ಳದ ಹಂಚಿಕೆಯ ಒಪ್ಪಂದವೊಂದು ದಿಲ್ಲಿಯಲ್ಲಿ ಸಿದ್ಧವಾದಾಗ ಬಾಗಲಕೋಟೆಯ ಪರವಾಗಿ ಮಾತಾಡಿದ್ದು ಮುಂಬಯಿ ಸರಕಾರ. ಮೈಸೂರು ಸರಕಾರ ಅದನ್ನು ದೃಢೀಕರಿಸಲಿಲ್ಲ. ಒಲ್ಲೆನೆನ್ನಲು ರಾಜ್ಯಕ್ಕೆ ಆಗ ಅವಕಾಶವಿತ್ತು. ಮುಂದೆ 262ನೆಯ ಅನುಚ್ಛೇದ ಹಾಗೂ 1956ರ ಅಧಿನಿಯಮದ ಮೇರೆಗೆ 1969ರಲ್ಲಿ ನ್ಯಾಯಮೂರ್ತಿ ಬಚಾವತ್ ಅವರ ನ್ಯಾಯಮಂಡಲಿಯೂ, 2004ರಲ್ಲಿ ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ಅವರ ನ್ಯಾಯಮಂಡಲಿಯೂ ನೇಮಕಗೊಂಡವು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಪೇಟೆಯ ಭಾಗಗಳನ್ನು ಬಿಟ್ಟುಕೊಟ್ಟು ನವನಗರಕ್ಕೆ ಬಂದವರು ಪರಿಹಾರವನ್ನೂ ಪುನರ್ವಸತಿಯನ್ನೂ ಬೆಂಗಳೂರಿನಲ್ಲಿ ಕೇಳಬಹುದು. ರಾಜ್ಯ ತನ್ನ ಪಾಲಿನ ನೀರನ್ನು ನ್ಯಾಯಮಂಡಲಿಯ ಮುಂದೆ ವಾದಿಸಬಹುದು. ನದಿ ದೇಶದ ಗಡಿ ದಾಟುವುದಾದರೆ ರಾಜ್ಯಕ್ಕೆ ಅಂತಹ ಕಟಕಟೆಯೂ ಇಲ್ಲ.

ಹಾಗೆಂದು ರಾಜ್ಯಗಳ ಮಾತಿಗೆ ಬೆಲೆಯೇ ಇಲ್ಲವೆನ್ನಲಾಗದು. 1996ರಲ್ಲಿ ಬಾಂಗ್ಲಾದೇಶದೊಡನೆ ಮೂವತ್ತು ವರ್ಷಗಳ ಗಂಗಾ ಜಲ ಒಡಂಬಡಿಕೆ ಆಗುವಾಗ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರ ಸಹಕಾರ ಪಡೆಯಲಾಯಿತು. 2011ರಲ್ಲಿ ತೀಸ್ತಾ ನದಿಯ ಒಪ್ಪಂದ ಸಹಿಯ ಹೊಸ್ತಿಲಲ್ಲೇ ನಿಂತದ್ದು ಅದೇ ರಾಜ್ಯದ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಅವರ ವಿರೋಧದಿಂದ. ಆದರೆ ಇವೆರಡೂ ರಾಜಕೀಯ ಬಲದಿಂದ ಬಂದ ಮನ್ನಣೆಗಳು, ಸಂವಿಧಾನದ ಹಕ್ಕುಗಳಲ್ಲ. ದಿಲ್ಲಿಯ ಸರಕಾರ ಯಾವ ರಾಜ್ಯದ ಬೆಂಬಲವನ್ನು ಅವಲಂಬಿಸಿದೆಯೋ ಆ ರಾಜ್ಯದ ಮಾತು ನಡೆಯುತ್ತದೆ, ಅವಲಂಬಿಸದಿದ್ದರೆ ಕೇಳುವವರಿಲ್ಲ.

ಈ ಕೊರತೆ ಬಲ್ಲವರ ಗಮನಕ್ಕೆ ಬಾರದೆ ಇಲ್ಲ. ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯ ಅವರು ಅಧ್ಯಕ್ಷರಾಗಿದ್ದ ಸಂವಿಧಾನ ಪರಾಮರ್ಶೆ ಆಯೋಗ ತನ್ನ 2002ರ ವರದಿಗೆ ಮುನ್ನ ಒಡಂಬಡಿಕೆಯ ಅಧಿಕಾರವನ್ನು ಕುರಿತೇ ಒಂದು ಸಮಾಲೋಚನಾ ಪ್ರಬಂಧವನ್ನು ಪ್ರಕಟಿಸಿತು. ಕೇಂದ್ರ–ರಾಜ್ಯ ಸಂಬಂಧಗಳನ್ನು ಕುರಿತ, ನ್ಯಾಯಮೂರ್ತಿ ಪುಂಛಿ ಅವರ ಆಯೋಗ 2010ರಲ್ಲಿ, 14ನೆಯ ನಮೂದಿನ ಅಧಿಕಾರವನ್ನು ಬಳಸಿ ಒಡಂಬಡಿಕೆಯ ಕ್ರಮವನ್ನು ಗೊತ್ತುಪಡಿಸುವ ಶಾಸನವನ್ನು ಸಂಸತ್ತು ಮಾಡಬೇಕೆಂದೂ, ರಾಜ್ಯ ಪಟ್ಟಿಯ ವಿಷಯಗಳಿಗೆ ಸಂಬಂಧಿಸಿದಲ್ಲಿ ರಾಜ್ಯಗಳನ್ನು ಮೊದಲೇ ಕೇಳಬೇಕೆಂದೂ ಶಿಫಾರಸು ಮಾಡಿತು. ಇದಕ್ಕೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ, ಸಾಮಾನ್ಯ ಬಹುಮತದ ಕಾನೂನು ಸಾಕು. ಆ ಕಾನೂನು ಇನ್ನೂ ಬಂದಿಲ್ಲ.